ವೈಫೈ ಇದೆ, ಇಂಟರ್ನೆಟ್ ಇಲ್ಲ

ಫೋನಿನ ಪರದೆಯ ಮೇಲೆ ಒಮ್ಮೊಮ್ಮೆ ಒಂದು ಚಿಕ್ಕ ಸಾಲು ಮೂಡುತ್ತದೆ: ‘ವೈಫೈ ಇದೆ, ಇಂಟರ್ನೆಟ್ ಇಲ್ಲ’. ಇದನ್ನು ಓದಿದ ಬಹಳ ಜನ ಫೋನನ್ನೇ ಆಫ್ ಮಾಡಿ ಆನ್ ಮಾಡುತ್ತಾರೆ, ಇಲ್ಲವೇ ಮನೆಯ ಹುಡುಗರು ಬರಲಿ ಎಂದು ಕಾಯುತ್ತಾರೆ. ಅಷ್ಟು ಕಂಗಾಲಾಗಬೇಕಿಲ್ಲ. ಎಲ್ಲಿ ಕೆಟ್ಟಿದೆ, ಎಲ್ಲಿ ಕೆಟ್ಟಿಲ್ಲ ಎಂಬ ಎರಡನ್ನೂ ಆ ಸಾಲು ಆಗಲೇ ಹೇಳಿಬಿಟ್ಟಿದೆ. ಫೋನಿನಿಂದ ಮನೆಯ ರೂಟರ್‌ವರೆಗಿನ ದಾರಿ ಚೆನ್ನಾಗಿದೆ. ಅಲ್ಲಿಂದಾಚೆಗೆ ಎಲ್ಲೋ ತುಂಡಾಗಿದೆ.

ಸರ್ವರ್, ಐಪಿ, ಡಿಎನ್‌ಎಸ್, ಎಚ್‌ಟಿಟಿಪಿ ಎಂದು ಪದಗಳನ್ನು ಸಾಲಾಗಿ ಬರೆದು ಎದುರಿಗೆ ಅರ್ಥ ಕೊಟ್ಟರೆ ಪರೀಕ್ಷೆಗೆ ಉಪಯೋಗವಾದೀತು, ತಲೆಯಲ್ಲಿ ನಿಲ್ಲುವುದು ಕಷ್ಟ. ಸರಾಗವಾಗಿ ನಡೆಯುತ್ತಿರುವಾಗ ಇಂಟರ್ನೆಟ್ ತನ್ನ ಒಳಗನ್ನು ತೋರಿಸುವುದೇ ಇಲ್ಲ. ಕೆಟ್ಟಾಗ ಮಾತ್ರ ಅದರ ಒಂದೊಂದು ಭಾಗವೂ ತನ್ನ ಹೆಸರು ಹೇಳಿಕೊಂಡು ಎದುರು ಬರುತ್ತದೆ. ಆದ್ದರಿಂದ ಈ ಅಧ್ಯಾಯದಲ್ಲಿ ದೋಷದ ಸಂದೇಶಗಳನ್ನೇ ಹಿಡಿದು ಹೊರಡೋಣ. ಅವುಗಳನ್ನು ಓದಲು ಕಲಿತವರು ಇನ್ನೊಬ್ಬರ ದಾರಿ ಕಾಯಬೇಕಿಲ್ಲ ಎಂಬುದು ನನ್ನ ನಂಬಿಕೆ.

ಮೊದಲು ವೈಫೈ. ಇದು ರೇಡಿಯೊ, ಅಷ್ಟೇ. ಮೂಲೆಯಲ್ಲಿ ದೀಪ ಮಿಣುಕಿಸುತ್ತ ಕೂತ ಪೆಟ್ಟಿಗೆಯೂ ಕೈಯಲ್ಲಿರುವ ಫೋನೂ ರೇಡಿಯೊ ಅಲೆಗಳಲ್ಲಿ ಮಾತಾಡಿಕೊಳ್ಳುತ್ತವೆ. ಬಳಕೆಯಲ್ಲಿರುವುದು ಮುಖ್ಯವಾಗಿ ಎರಡು ಪಟ್ಟಿ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮೊದಲನೆಯದು ಗೋಡೆ ದಾಟಿ ಒಂದಿಷ್ಟು ದೂರ ಹೋಗುತ್ತದೆ. ಎರಡನೆಯದಕ್ಕೆ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ಅನೇಕ ರೂಟರ್‌ಗಳು ಎರಡು ಹೆಸರು ತೋರಿಸಿ, ಒಂದರ ಬಾಲಕ್ಕೆ ‘5ಜಿ’ ಎಂದು ಸೇರಿಸುವುದು ಇದೇ ಕಾರಣಕ್ಕೆ. ಮೊಬೈಲ್ ಕಂಪನಿಗಳ 5ಜಿಗೂ ಇದಕ್ಕೂ ಸಂಬಂಧವಿಲ್ಲ. ಅದು ಐದನೇ ತಲೆಮಾರಿನ ಮೊಬೈಲ್ ಜಾಲ.

ಮನೆಯ ಫೋನು, ಟಿವಿ, ಲ್ಯಾಪ್‌ಟಾಪುಗಳನ್ನೆಲ್ಲ ಒಂದು ಚಿಕ್ಕ ಜಾಲವಾಗಿ ಸೇರಿಸಿ, ಹೊರಗೆ ಹೋಗಬೇಕಾದ್ದನ್ನು ಹೊರಗೆ ಕಳಿಸುವ ಪೆಟ್ಟಿಗೆಯೇ ರೂಟರ್. ಇಂಟರ್ನೆಟ್ ಪೂರ್ತಿ ಸತ್ತಿರುವಾಗಲೂ ಬ್ರೌಸರಿನಲ್ಲಿ 192.168.1.1 ಎಂದು ಟೈಪ್ ಮಾಡಿದರೆ ಬಹಳಷ್ಟು ಮನೆಗಳಲ್ಲಿ ರೂಟರಿನ ಪುಟ ತೆರೆದುಕೊಳ್ಳುತ್ತದೆ. ವೈಫೈ ಬೇರೆ, ಇಂಟರ್ನೆಟ್ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಫೈಬರ್ ಸಂಪರ್ಕವಿದ್ದರೆ ಆ ಪೆಟ್ಟಿಗೆಯ ಮೇಲೆ ‘ಎಲ್‌ಒಎಸ್’ ಎಂಬ ಚಿಕ್ಕ ದೀಪವೊಂದಿರುತ್ತದೆ. ಅದು ಕೆಂಪಾಗಿ ಮಿಣುಕುತ್ತಿದ್ದರೆ ಗಾಜಿನ ಎಳೆಯಲ್ಲಿ ಬೆಳಕು ಬರುತ್ತಿಲ್ಲ ಎಂದರ್ಥ. ಹೆಚ್ಚಾಗಿ ಬೀದಿಯಲ್ಲಿ ಎಲ್ಲೋ ಆ ಎಳೆ ತುಂಡಾಗಿರುತ್ತದೆ. ನೀವು ಎಷ್ಟು ಸಲ ರೂಟರ್ ಆಫ್ ಮಾಡಿದರೂ ಅದು ಕೂಡಿಕೊಳ್ಳದು. ಕಂಪನಿಗೆ ಫೋನ್ ಮಾಡಿ ‘ನೆಟ್ ಬರುತ್ತಿಲ್ಲ’ ಅನ್ನುವುದಕ್ಕಿಂತ ‘ಎಲ್‌ಒಎಸ್ ಕೆಂಪಾಗಿದೆ’ ಅಂದರೆ ಮಾತು ಬೇಗ ಮುಗಿಯುತ್ತದೆ.

ಆಚೆ ಇಂಟರ್ನೆಟ್ ಇಲ್ಲವೆಂದು ಫೋನಿಗೆ ತಿಳಿಯುವುದಾದರೂ ಹೇಗೆ? ಅದು ಕೇಳಿ ನೋಡುತ್ತದೆ. ಆಂಡ್ರಾಯ್ಡ್ ಫೋನು ವೈಫೈಗೆ ಸೇರಿದೊಡನೆ ಗೂಗಲಿನ ಒಂದು ವಿಳಾಸಕ್ಕೆ ಪುಟ್ಟ ಕೋರಿಕೆ ಕಳಿಸುತ್ತದೆ. ಅಲ್ಲಿಂದ 204 ಎಂಬ ಸಂಖ್ಯೆ ಬರಬೇಕು. ‘ನಿನ್ನ ಕೋರಿಕೆ ತಲುಪಿತು, ಕೊಡಲು ನನ್ನಲ್ಲಿ ಏನೂ ಇಲ್ಲ’ ಎಂದು ಅದರರ್ಥ. ಬಂದರೆ ದಾರಿ ತೆರೆದಿದೆ. ಬಾರದಿದ್ದರೆ ಆ ಚಿಕ್ಕ ಸಾಲು ಮೂಡುತ್ತದೆ. ರೈಲು ನಿಲ್ದಾಣದ ವೈಫೈನಲ್ಲಿ 204ರ ಬದಲು ಮತ್ತಾವುದೋ ಪುಟ ಬರುತ್ತದೆ. ಆಗ ಫೋನು ನಡುವೆ ಯಾರೋ ತಡೆಯುತ್ತಿದ್ದಾರೆಂದು ಊಹಿಸಿ, ಮೊಬೈಲ್ ಸಂಖ್ಯೆ ಕೇಳುವ ಲಾಗಿನ್ ಪುಟವನ್ನು ನಿಮ್ಮ ಮುಂದಿಡುತ್ತದೆ.

ಬಾಗಿಲಾಚೆ

ಮನೆಯಿಂದ ಹೊರಟ ಎಳೆ ಮೊದಲು ಸೇರುವುದು ಐಎಸ್‌ಪಿ, ಅಂದರೆ ತಿಂಗಳ ಹಣ ಪಡೆದು ಸಂಪರ್ಕ ಕೊಡುವ ಕಂಪನಿಯ ಜಾಲವನ್ನು. ಆ ಜಾಲ ಮತ್ತೊಂದಕ್ಕೆ, ಅದು ಇನ್ನೊಂದಕ್ಕೆ ಸೇರಿಕೊಂಡಿದೆ. ಹೀಗೆ ಕಂಪನಿಗಳ, ವಿಶ್ವವಿದ್ಯಾಲಯಗಳ, ಸರ್ಕಾರಗಳ ಸಾವಿರಾರು ಜಾಲಗಳು ಒಂದನ್ನೊಂದು ಹಿಡಿದುಕೊಂಡಿರುವುದೇ ಇಂಟರ್ನೆಟ್. ಇದಕ್ಕೆ ಕೇಂದ್ರ ಕಚೇರಿಯಿಲ್ಲ, ಒಡೆಯನಿಲ್ಲ. ಎಲ್ಲರೂ ಪಾಲಿಸುವ ಒಪ್ಪಂದಗಳಿವೆ. ಅವನ್ನೇ ಪ್ರೋಟೊಕಾಲ್ ಅನ್ನುತ್ತಾರೆ. ಈ ಅಧ್ಯಾಯದಲ್ಲಿ ಬರುವ ಬಹುತೇಕ ಮೊಟಕು ಹೆಸರುಗಳು ಯಾವ ಯಂತ್ರದ ಹೆಸರೂ ಅಲ್ಲ, ಇಂಥ ಒಪ್ಪಂದಗಳ ಹೆಸರು. ಇಷ್ಟನ್ನು ನೆನಪಿಟ್ಟರೆ ಅರ್ಧ ಗೊಂದಲ ಕರಗುತ್ತದೆ.

ಇಂಟರ್ನೆಟ್ಟಿಗೆ ಮುನ್ನುಡಿಯಾದ ಜಾಲದ ಮೊದಲ ಸಂದೇಶವೂ ದೋಷದಿಂದಲೇ ಶುರುವಾಯಿತು. 1969ರ ಅಕ್ಟೋಬರ್ 29ರ ರಾತ್ರಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ, ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ ‘ಲಾಗಿನ್’ ಎಂದು ಟೈಪ್ ಮಾಡತೊಡಗಿದ. ಎಲ್ ತಲುಪಿತು, ಒ ತಲುಪಿತು. ಅಷ್ಟರಲ್ಲಿ ಆಚೆಯ ಕಂಪ್ಯೂಟರ್ ಕುಸಿಯಿತು. ಸುಮಾರು ಒಂದು ಗಂಟೆ ರಿಪೇರಿ ನಡೆದ ಮೇಲೆ ಇಡೀ ಪದ ಹೋಯಿತು. ಅಮೆರಿಕದ ರಕ್ಷಣಾ ಇಲಾಖೆಯ ದುಡ್ಡಿನಲ್ಲಿ ಕಟ್ಟಿದ ಆ ಜಾಲ ಆರ್ಪಾನೆಟ್. ಬೇರೆ ಬೇರೆ ಬಗೆಯ ಜಾಲಗಳೂ ಒಂದಕ್ಕೊಂದು ಅರ್ಥವಾಗುವಂಥ ಒಪ್ಪಂದವನ್ನು ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ 1974ರಲ್ಲಿ ಪ್ರಕಟಿಸಿದರು. ಅದು ಬೆಳೆದು ಟಿಸಿಪಿ/ಐಪಿ ಆಯಿತು. 1983ರ ಜನವರಿ 1ರಂದು ಆರ್ಪಾನೆಟ್ ಪೂರ್ತಿಯಾಗಿ ಅದಕ್ಕೆ ಬದಲಾಯಿತು. ಭಾರತದಲ್ಲಿ 1986ರಲ್ಲಿ ಶುರುವಾದ ಅರ್ನೆಟ್ ಎಂಬ ಶೈಕ್ಷಣಿಕ ಜಾಲದ ಮೊದಲ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಜನಸಾಮಾನ್ಯರಿಗೆ ವಿಎಸ್‌ಎನ್‌ಎಲ್ ಮೂಲಕ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು.

ಖಂಡಗಳ ನಡುವಿನ ದಾರಿ ಇರುವುದು ಆಕಾಶದಲ್ಲಿ ಎಂದು ತುಂಬ ಜನ ನಂಬಿದ್ದಾರೆ. ಅದು ಇರುವುದು ಸಮುದ್ರದ ತಳದಲ್ಲಿ. ಆಳಸಮುದ್ರದಲ್ಲಿ ಸುಮಾರು ಎರಡು ಸೆಂಟಿಮೀಟರ್ ದಪ್ಪದ ಕೇಬಲ್‌ಗಳು, ಅವುಗಳೊಳಗೆ ತಲೆಗೂದಲಷ್ಟು ತೆಳುವಾದ ಗಾಜಿನ ಎಳೆಗಳು, ಎಳೆಯೊಳಗೆ ಬೆಳಕು. ಭಾರತದಲ್ಲಿ ಅವು ಮುಂಬೈ, ಚೆನ್ನೈ, ಕೊಚ್ಚಿಯಂಥ ಕಡಲೂರುಗಳಲ್ಲಿ ದಡಕ್ಕೆ ಬರುತ್ತವೆ. ಬೆಂಗಳೂರಿನಿಂದ ಯುರೋಪಿಗೆ ಹೋಗುವ ಮಿಂಚಂಚೆ ಮೊದಲು ನೆಲದೊಳಗಿನ ಎಳೆಯಲ್ಲಿ ಇಂಥ ಒಂದು ಊರನ್ನು ತಲುಪಬೇಕು. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಎರಡು ಕೇಬಲ್ ತುಂಡಾದವು. ಭಾರತದ ಇಂಟರ್ನೆಟ್ ಕುಂಟತೊಡಗಿತು, ಕಾಲ್‌ಸೆಂಟರುಗಳು ಪರದಾಡಿದವು. ಆದರೆ ಸಂಪರ್ಕ ಪೂರ್ತಿ ನಿಲ್ಲಲಿಲ್ಲ. ಪಶ್ಚಿಮಕ್ಕೆ ಹೋಗಬೇಕಿದ್ದ ಮಾಹಿತಿಯನ್ನು ಪೂರ್ವಕ್ಕೆ ತಿರುಗಿಸಿ ಪೆಸಿಫಿಕ್ ಸಾಗರದ ಮೂಲಕ ಕಳಿಸಿದರು.

ಹಾಗೆ ತಿರುಗಿಸಲು ಸಾಧ್ಯವಾದದ್ದು ಪ್ಯಾಕೆಟ್ ಎಂಬ ಉಪಾಯದಿಂದ. ಹಳೆಯ ಟೆಲಿಫೋನಿನಲ್ಲಿ ಇಬ್ಬರು ಮಾತಾಡುವಷ್ಟು ಹೊತ್ತೂ ಅವರಿಬ್ಬರಿಗಾಗಿ ಒಂದು ಇಡೀ ದಾರಿ ಮೀಸಲಾಗಿರುತ್ತಿತ್ತು. ಇಂಟರ್ನೆಟ್‌ನಲ್ಲಿ ಯಾರಿಗೂ ಮೀಸಲಿಲ್ಲ. ಕಳಿಸಬೇಕಾದ್ದನ್ನು ತುಂಡು ಮಾಡಿ, ಸಾಮಾನ್ಯವಾಗಿ ಒಂದೊಂದು 1500 ಬೈಟ್‌ಗಿಂತ ದೊಡ್ಡದಾಗದಂತೆ ನೋಡಿಕೊಂಡು, ಪ್ರತಿ ತುಂಡಿನ ಮೇಲೂ ಕಳಿಸಿದವರ ಮತ್ತು ಪಡೆಯುವವರ ವಿಳಾಸ ಬರೆದು ಬಿಡುತ್ತಾರೆ. ಇಂಥ ತುಂಡೇ ಪ್ಯಾಕೆಟ್. 1960ರ ದಶಕದಲ್ಲಿ ಅಮೆರಿಕದ ಪಾಲ್ ಬರಾನ್ ಮತ್ತು ಬ್ರಿಟನ್ನಿನ ಡೊನಾಲ್ಡ್ ಡೇವಿಸ್ ಒಬ್ಬರಿಗೊಬ್ಬರು ತಿಳಿಯದೆ ಇದೇ ಉಪಾಯಕ್ಕೆ ಬಂದರು. ದಾರಿಯ ಪ್ರತಿ ರೂಟರ್ ವಿಳಾಸ ನೋಡಿ, ಮುಂದಿನ ಹೆಜ್ಜೆ ಯಾವ ಕಡೆ ಎಂಬುದನ್ನಷ್ಟೇ ತೀರ್ಮಾನಿಸುತ್ತದೆ. ಪೂರ್ತಿ ದಾರಿ ಯಾರಿಗೂ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ಪ್ಯಾಕೆಟ್ ಕಳೆದುಹೋದರೆ? ಎರಡು ಬಗೆಯ ಉತ್ತರಗಳಿವೆ, ಎರಡನ್ನೂ ನಾವು ದಿನಾ ಅನುಭವಿಸುತ್ತೇವೆ. ಟಿಸಿಪಿ ಒಪ್ಪಂದದಲ್ಲಿ ಪ್ರತಿಯೊಂದಕ್ಕೂ ರಸೀದಿ ಬರಬೇಕು. ಬಾರದಿದ್ದರೆ ಮತ್ತೆ ಕಳಿಸಬೇಕು. ಹಾಗಾಗಿ ಮಿಂಚಂಚೆ ತಡವಾಗಿ ಬಂದೀತು, ನಡುವೆ ಎರಡು ಸಾಲು ಬಿಟ್ಟು ಬಾರದು. ಯುಡಿಪಿ ಒಪ್ಪಂದದಲ್ಲಿ ರಸೀದಿಯಿಲ್ಲ. ಹೋದದ್ದು ಹೋಯಿತು. ವಿಡಿಯೊ ಕರೆಗಳು ಹೆಚ್ಚಾಗಿ ಇದನ್ನು ನೆಚ್ಚಿಕೊಂಡಿವೆ, ಏಕೆಂದರೆ ಅಜ್ಜಿ ಅರೆಗಳಿಗೆ ಹಿಂದೆ ಆಡಿದ ಒಂದು ಅಕ್ಷರವನ್ನು ಈಗ ತಂದುಕೊಟ್ಟು ಪ್ರಯೋಜನವಿಲ್ಲ. ಅವರು ಈಗ ಆಡುತ್ತಿರುವ ಮಾತು ಬೇಕು. ಕರೆಯಲ್ಲಿ ಧ್ವನಿ ಹರಿಹರಿದು ಬಂದರೆ ಪ್ಯಾಕೆಟ್‌ಗಳು ಕಳೆದುಹೋಗುತ್ತಿವೆ ಎಂದು ತಿಳಿಯಿರಿ.

ಪ್ಯಾಕೆಟ್ ಮೇಲೆ ಬರೆಯುವ ವಿಳಾಸವೇ ಐಪಿ ಅಡ್ರೆಸ್. ಹಳೆಯ ಐಪಿವಿ4 ಪದ್ಧತಿಯಲ್ಲಿ ಅದು 32 ಬಿಟ್‌ಗಳ ಸಂಖ್ಯೆ. ಲೆಕ್ಕ ಹಾಕಿದರೆ ಸುಮಾರು 429 ಕೋಟಿ ವಿಳಾಸಗಳಾಗುತ್ತವೆ. ಆಗ ಅದು ಧಾರಾಳವೆನಿಸಿತ್ತು. 2011ರ ಫೆಬ್ರವರಿ 3ರಂದು ಜಾಗತಿಕ ದಾಸ್ತಾನಿನ ಕೊನೆಯ ಕಂತುಗಳನ್ನೂ ಹಂಚಿ ಮುಗಿಸಲಾಯಿತು. ಕೊರತೆಯನ್ನು ನೀಗಲು ಮನೆಯೊಳಗಿನ ಎಲ್ಲ ಸಾಧನಗಳೂ ಒಂದೇ ಹೊರಗಿನ ವಿಳಾಸವನ್ನು ಹಂಚಿಕೊಳ್ಳುತ್ತವೆ, 192.168ರಿಂದ ಶುರುವಾಗುವ ವಿಳಾಸಗಳು ಒಳಗಿನ ಬಳಕೆಗೆ ಮಾತ್ರ. ನಿಮ್ಮ ಮನೆಯಲ್ಲೂ ನನ್ನ ಮನೆಯಲ್ಲೂ 192.168.1.1 ಇದ್ದು ಗಲಿಬಿಲಿಯಾಗದಿರುವುದು ಇದರಿಂದಲೇ. ಹೊಸ ಪದ್ಧತಿ ಐಪಿವಿ6ರಲ್ಲಿ ವಿಳಾಸಕ್ಕೆ 128 ಬಿಟ್‌ಗಳು. ಅದರಿಂದಾಗುವ ವಿಳಾಸಗಳ ಸಂಖ್ಯೆಯನ್ನು ಬರೆಯಲು ಸುಮಾರು 340ರ ಮುಂದೆ 36 ಸೊನ್ನೆ ಹಾಕಬೇಕು. ಇದರ ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯ ದೇಶಗಳ ಸಾಲಿನಲ್ಲಿದೆ.

‘ಸುತ್ತುತ್ತಲೇ ಇದೆ’

ಪುಟ ತೆರೆಯದೆ ಒಂದು ವೃತ್ತ ಸುತ್ತುತ್ತಿದ್ದರೆ ‘ಸ್ಪೀಡ್ ಇಲ್ಲ’ ಎನ್ನುತ್ತೇವೆ. ಆ ಒಂದು ಪದದೊಳಗೆ ಎರಡು ಬೇರೆ ಸಂಗತಿಗಳು ಬೆರೆತಿವೆ. ಕೃಷ್ಣರಾಜಸಾಗರದಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟಾಗ ಮಂಡ್ಯದ ರೈತರು ಎರಡು ಪ್ರಶ್ನೆ ಕೇಳುತ್ತಾರೆ: ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ? ಕೊನೆಭಾಗದ ಗದ್ದೆಗೆ ಯಾವಾಗ ಮುಟ್ಟುತ್ತದೆ? ಮೊದಲನೆಯದು ಬ್ಯಾಂಡ್‌ವಿಡ್ತ್, ಎರಡನೆಯದು ಲೇಟೆನ್ಸಿ. ಕಂಪನಿಗಳ ಜಾಹೀರಾತಿನಲ್ಲಿ ಕಾಣುವುದು ಮೊದಲನೆಯದು ಮಾತ್ರ. ಎರಡನೆಯದನ್ನು ಅಳೆದು ತೋರಿಸುವುದು ಪಿಂಗ್ ಎಂಬ ಸಂಖ್ಯೆ.

ಬ್ಯಾಂಡ್‌ವಿಡ್ತ್ ಲೆಕ್ಕದಲ್ಲಿ ಒಂದು ಎಡವಟ್ಟು ಎಲ್ಲರಿಗೂ ಆಗುತ್ತದೆ. ಜಾಲದ ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ, ಕಡತದ ಗಾತ್ರವನ್ನು ಬೈಟ್‌ಗಳಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ‘100 ಎಂಬಿಪಿಎಸ್’ ಪ್ಲಾನ್ ಎಂದರೆ ಸೆಕೆಂಡಿಗೆ 100 ಮೆಗಾಬಿಟ್, ಅಂದರೆ ಹೆಚ್ಚೆಂದರೆ 12.5 ಮೆಗಾಬೈಟ್. ಒಂದು ಗಿಗಾಬೈಟಿನ ಸಿನಿಮಾ ಇಳಿಯಲು ಎಲ್ಲವೂ ಅನುಕೂಲವಾಗಿದ್ದರೂ 80 ಸೆಕೆಂಡ್ ಬೇಕು, ಹತ್ತು ಸೆಕೆಂಡ್ ಸಾಲದು. ಕಂಪನಿ ಮೋಸ ಮಾಡಿದೆಯೇ ಎಂದು ದೂರುವ ಮೊದಲು ಎಂಟರಿಂದ ಭಾಗಿಸಿ ನೋಡಬೇಕು.

ಲೇಟೆನ್ಸಿಯ ವಿಷಯದಲ್ಲಿ ದುಡ್ಡು ಕೊಟ್ಟರೂ ಮೀರಲಾಗದ ಮಿತಿಯಿದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ನೇರ ದೂರವೇ ಸುಮಾರು 14,000 ಕಿಲೋಮೀಟರ್. ಹೋಗಿ ಬರಲು 140 ಮಿಲಿಸೆಕೆಂಡಿಗಿಂತ ಕಡಿಮೆಯಾಗದು. ಕೇಬಲ್ ಸುತ್ತು ಬಳಸಿ ಹೋಗುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಭೂಸ್ಥಿರ ಉಪಗ್ರಹದ ಮೂಲಕವಾದರೆ 36,000 ಕಿಲೋಮೀಟರ್ ಎತ್ತರವನ್ನು ಪ್ರಶ್ನೆ ಹತ್ತಿ ಇಳಿಯಬೇಕು, ಉತ್ತರವೂ ಹತ್ತಿ ಇಳಿಯಬೇಕು. ಅಲ್ಲಿಗೆ ಅರ್ಧ ಸೆಕೆಂಡ್ ಹೋಯಿತು. ಆದ್ದರಿಂದಲೇ ದೊಡ್ಡ ಕಂಪನಿಗಳು ಜನ ಹೆಚ್ಚು ನೋಡುವ ವಿಡಿಯೊ, ಚಿತ್ರಗಳ ನಕಲುಗಳನ್ನು ಮುಂಬೈ, ಚೆನ್ನೈ, ಬೆಂಗಳೂರುಗಳಲ್ಲೇ ಇಟ್ಟಿರುತ್ತವೆ. ಹೀಗೆ ಹತ್ತಿರದಲ್ಲಿ ಇಟ್ಟುಕೊಂಡ ನಕಲಿಗೆ ಕ್ಯಾಷ್ ಎಂದು ಹೆಸರು. ನಿಮ್ಮ ಫೋನು ಕೂಡ ಒಂದಿಷ್ಟನ್ನು ಇಟ್ಟುಕೊಂಡಿರುತ್ತದೆ. ‘ಕ್ಯಾಷ್ ಕ್ಲಿಯರ್ ಮಾಡಿ’ ಎಂದು ಯಾರಾದರೂ ಹೇಳಿದರೆ ಹಳೆಯ ನಕಲು ಎಸೆದು ಹೊಸದನ್ನು ತರಿಸಿಕೊಳ್ಳಿ ಎಂದಷ್ಟೇ ಅರ್ಥ. ನಿಮ್ಮ ಫೋಟೊಗಳು ಅಳಿದುಹೋಗುವುದಿಲ್ಲ.

‘ಸರ್ವರ್ ಸಿಗುತ್ತಿಲ್ಲ’

2021ರ ಅಕ್ಟೋಬರ್ 4. ಭಾರತದಲ್ಲಿ ರಾತ್ರಿ ಒಂಬತ್ತು ದಾಟಿತ್ತು. ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮೂರೂ ಒಟ್ಟಿಗೆ ನಿಂತವು. ಜಗತ್ತಿನ ತುಂಬ ಜನ ಫೋನು ಆಫ್ ಮಾಡಿ ಆನ್ ಮಾಡಿದರು, ರೂಟರಿನ ತಂತಿ ಕಿತ್ತು ಮತ್ತೆ ಸಿಕ್ಕಿಸಿದರು. ಬೇರೆ ತಾಣಗಳು ಮಾತ್ರ ಎಂದಿನಂತೆ ತೆರೆಯುತ್ತಿದ್ದವು. ಸುಮಾರು ಆರು ಗಂಟೆ ಹೀಗೇ ನಡೆಯಿತು. ಈ ಘಟನೆಯನ್ನು ಬಿಡಿಸಿ ನೋಡಿದರೆ ಇಂಟರ್ನೆಟ್‌ನ ಎರಡು ಮುಖ್ಯ ಒಪ್ಪಂದಗಳು ಕಣ್ಣಿಗೆ ಕಾಣುತ್ತವೆ. ಅದಕ್ಕಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ.

ಬೇಡಿಕೆ ಬಂದಾಗ ಮಾಹಿತಿ ಕೊಡಲೆಂದು ಸದಾ ಎಚ್ಚರವಿರುವ ಕಂಪ್ಯೂಟರೇ ಸರ್ವರ್. ಇಂಥವನ್ನು ಸಾವಿರಗಟ್ಟಲೆ ಒಂದೆಡೆ ಜೋಡಿಸಿಟ್ಟ ಕಟ್ಟಡ ಡೇಟಾ ಸೆಂಟರ್. ‘ಕ್ಲೌಡ್‌ನಲ್ಲಿದೆ’ ಎಂದು ಹೇಳುವ ನಿಮ್ಮ ಫೋಟೊಗಳು ಇರುವುದು ಮೋಡದಲ್ಲಲ್ಲ, ಇಂಥ ಕಟ್ಟಡದಲ್ಲಿ. ಪ್ರತಿ ಸರ್ವರಿಗೂ ಐಪಿ ವಿಳಾಸವಿದೆ. ಆದರೆ ಜನರಿಗೆ ಸಂಖ್ಯೆ ನೆನಪಿರುವುದಿಲ್ಲ, ಹೆಸರು ನೆನಪಿರುತ್ತದೆ. ಹೆಸರು ಕೊಟ್ಟರೆ ಸಂಖ್ಯೆ ಹುಡುಕಿಕೊಡುವ ವ್ಯವಸ್ಥೆ ಬೇಕು.

ಆರ್ಪಾನೆಟ್ ಕಾಲದಲ್ಲಿ ಇದೊಂದು ಪಟ್ಟಿಯಾಗಿತ್ತು. ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೀನ್ಲರ್ ಅವರ ತಂಡ ಅದನ್ನು ಬರೆದು ಕಾಪಾಡುತ್ತಿತ್ತು. ಹೊಸ ಕಂಪ್ಯೂಟರ್ ಸೇರಿಸಬೇಕಾದವರು ಅವರನ್ನು ಸಂಪರ್ಕಿಸಬೇಕು. ಉಳಿದವರೆಲ್ಲ ಆಗಾಗ ಆ ಕಡತ ತರಿಸಿಕೊಳ್ಳಬೇಕು. ಕಂಪ್ಯೂಟರುಗಳು ಹೆಚ್ಚಿದಂತೆ ಪಟ್ಟಿ ಉದ್ದವಾಯಿತು, ತಿದ್ದುವ ಹೊತ್ತಿಗೆ ಹಳತಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಪಟ್ಟಿಯನ್ನೇ ಒಡೆದು ಹಂಚುವ ದಾರಿ ತೋರಿಸಿದರು. ಅದೇ ಡಿಎನ್‌ಎಸ್.

ಇದರ ಚೆಲುವು ಇರುವುದು ಬಲದಿಂದ ಎಡಕ್ಕೆ ಓದುವುದರಲ್ಲಿ. ನಮ್ಮ ರಾಜ್ಯ ಸರ್ಕಾರದ ತಾಣದ ಹೆಸರನ್ನು ತೆಗೆದುಕೊಳ್ಳಿ: ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’. ನಿಮ್ಮ ಪರವಾಗಿ ಹುಡುಕಲು ಹೊರಟ ಕಂಪ್ಯೂಟರ್ ಮೊದಲು ಬುಡದ ಸರ್ವರುಗಳಿಗೆ ಹೋಗುತ್ತದೆ. ಅವಕ್ಕೆ ರೂಟ್ ಸರ್ವರ್ ಎನ್ನುತ್ತಾರೆ; ಅವುಗಳ ಹೆಸರು ಹದಿಮೂರೇ, ನಕಲುಗಳು ಮಾತ್ರ ಜಗತ್ತಿನ ಸಾವಿರಕ್ಕೂ ಹೆಚ್ಚು ಕಡೆ ಇವೆ. ‘ಇನ್’ ಯಾರ ಸುಪರ್ದಿಯಲ್ಲಿದೆ ಎಂಬುದನ್ನಷ್ಟೇ ಅವು ಹೇಳುತ್ತವೆ. ‘ಇನ್’ ನೋಡಿಕೊಳ್ಳುವ ಸರ್ವರ್ ‘ಗವ್’ ಎಲ್ಲಿದೆ ಎನ್ನುತ್ತದೆ. ಅಲ್ಲಿ ಕೇಳಿದರೆ ‘ಕರ್ನಾಟಕ’ದ ಸಂಖ್ಯೆ ಸಿಗುತ್ತದೆ. ಯಾರೊಬ್ಬರ ಬಳಿಯೂ ಇಡೀ ಪಟ್ಟಿಯಿಲ್ಲ. ತನ್ನ ಕೆಳಗಿನವರು ಯಾರು ಎಂಬುದಷ್ಟೇ ಪ್ರತಿಯೊಬ್ಬರಿಗೂ ಗೊತ್ತು. ಈ ಇಡೀ ವಿಚಾರಣೆ ಕಣ್ಣೆವೆ ಇಕ್ಕುವಷ್ಟರಲ್ಲಿ ಮುಗಿದು, ಉತ್ತರವನ್ನು ಸ್ವಲ್ಪ ಕಾಲ ಕ್ಯಾಷ್‌ನಲ್ಲಿ ಇಟ್ಟುಕೊಳ್ಳಲಾಗುತ್ತದೆ.

ಇನ್ನು ಅಕ್ಟೋಬರ್ 4ರ ರಾತ್ರಿಗೆ ಬರೋಣ. ನಿರ್ವಹಣೆಯ ಕೆಲಸದ ನಡುವೆ ಕೊಟ್ಟ ಒಂದು ಆದೇಶದಿಂದ ಫೇಸ್‌ಬುಕ್ಕಿನ ಡೇಟಾ ಸೆಂಟರುಗಳನ್ನು ಜೋಡಿಸುವ ಒಳಜಾಲ ಕಡಿದುಹೋಯಿತು. ಕಂಪನಿಯ ಡಿಎನ್‌ಎಸ್ ಸರ್ವರುಗಳಿಗೆ ಡೇಟಾ ಸೆಂಟರ್ ಸಿಗದಾಯಿತು. ತಮಗೆ ಡೇಟಾ ಸೆಂಟರ್ ಸಿಗದಿದ್ದರೆ ಜನರನ್ನು ತಮ್ಮತ್ತ ಕರೆಯಬಾರದೆಂದು ಅವುಗಳಿಗೆ ಮೊದಲೇ ಕಲಿಸಲಾಗಿತ್ತು. ಅಂತೆಯೇ ಅವು ಹಿಂದೆ ಸರಿದವು. ಹೀಗೆ ಸರಿದದ್ದು ಬಿಜಿಪಿ ಎಂಬ ಒಪ್ಪಂದದ ಮೂಲಕ. ‘ಇಂತಿಂಥ ವಿಳಾಸಗಳಿಗೆ ನನ್ನ ಮೂಲಕ ದಾರಿಯಿದೆ’ ಎಂದು ದೊಡ್ಡ ಜಾಲಗಳು ಒಂದಕ್ಕೊಂದು ಸಾರಿಕೊಳ್ಳುವುದು ಬಿಜಿಪಿಯಲ್ಲೇ. ಆ ಸಾರುವಿಕೆ ನಿಂತೊಡನೆ ಹೆಸರು ಬಿಡಿಸಿ ಹೇಳುವವರೇ ಜಗತ್ತಿನ ಪಾಲಿಗೆ ಇಲ್ಲವಾದರು. ಸರ್ವರುಗಳು ಕೆಟ್ಟಿರಲಿಲ್ಲ, ವಿದ್ಯುತ್ ಇತ್ತು, ಸಂದೇಶಗಳು ಸುರಕ್ಷಿತವಾಗಿದ್ದವು. ಅವುಗಳ ವಿಳಾಸ ಮಾತ್ರ ಯಾರಿಗೂ ಸಿಗುತ್ತಿರಲಿಲ್ಲ. ಒಳಗಿನ ಉಪಕರಣಗಳೂ ಅದೇ ಜಾಲವನ್ನು ನಂಬಿದ್ದರಿಂದ ಎಂಜಿನಿಯರುಗಳು ಖುದ್ದಾಗಿ ಡೇಟಾ ಸೆಂಟರಿಗೆ ಹೋಗಬೇಕಾಯಿತು. ಇಷ್ಟು ಜನರ ಮಾತುಕತೆ ಒಂದೇ ಕಂಪನಿಯ ಕೈಯಲ್ಲಿರುವುದು ಎಷ್ಟು ಅಪಾಯ ಎಂಬ ಪ್ರಶ್ನೆ ಅಂದು ಎದ್ದಿತು. ನನ್ನ ಪ್ರಕಾರ ಅದು ಇನ್ನೂ ಹಾಗೇ ಉಳಿದಿದೆ.

ತಾಣದ ಇಂಥ ಹೆಸರು, ಅಂದರೆ ಡೊಮೇನ್ ಹೆಸರು, ಕನ್ನಡದಲ್ಲೂ ಇರಬಹುದು. ‘ಡಾಟ್ ಭಾರತ’ ಎಂದು ಕನ್ನಡ ಲಿಪಿಯಲ್ಲೇ ಕೊನೆಯಾಗುವ ವಿಳಾಸಗಳಿಗೆ ಮಾನ್ಯತೆಯಿದೆ. ಆದರೆ ಡಿಎನ್‌ಎಸ್ ಹುಟ್ಟಿದ ಕಾಲದಲ್ಲಿ ಹೆಸರುಗಳಿಗೆ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಇವಿಷ್ಟನ್ನೇ ಬಿಟ್ಟಿದ್ದರು. ಆದ್ದರಿಂದ ಬ್ರೌಸರು ಕನ್ನಡದ ಹೆಸರನ್ನು ತೆರೆಮರೆಯಲ್ಲಿ ಎಕ್ಸ್, ಎನ್, ಎರಡು ಅಡ್ಡಗೆರೆಗಳಿಂದ ಶುರುವಾಗುವ ಒಂದು ಅಕ್ಷರಸಾಲಾಗಿ ಬದಲಿಸಿ ಕಳಿಸುತ್ತದೆ.

ಅಕ್ಷರಗಳ ಬದಲು ಡಬ್ಬಿಗಳು

ಕನ್ನಡಿಗರಿಗೆ ತೀರ ಹತ್ತಿರದ ದೋಷವೊಂದಿದೆ. ಹಿಂದೆ ಕನ್ನಡದ ಪುಟವೊಂದನ್ನು ತೆರೆದರೆ ಅಕ್ಷರಗಳ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಪೌಂಡ್ ಚಿಹ್ನೆಗಳು ತುಂಬಿರುತ್ತಿದ್ದವು. ಕಾರಣ ಸರಳ. ಕಂಪ್ಯೂಟರಿಗೆ ಗೊತ್ತಿರುವುದು ಸಂಖ್ಯೆ ಮಾತ್ರ. ಆಗಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟು ನಿಮ್ಮಲ್ಲಿಲ್ಲದಿದ್ದರೆ ಕೆಳಗಿನ ಇಂಗ್ಲಿಷ್ ಹೊರಬೀಳುತ್ತಿತ್ತು. ಒಂದೊಂದು ಸಾಫ್ಟ್‌ವೇರಿನ ಸಂಖ್ಯೆ ಒಂದೊಂದು ಬಗೆ. ಒಬ್ಬರು ಬರೆದದ್ದು ಇನ್ನೊಬ್ಬರಿಗಿಲ್ಲ, ಹುಡುಕಿದರೆ ಸಿಗುವುದಿಲ್ಲ. ಎಷ್ಟೋ ಒಳ್ಳೆಯ ಬರಹ ಹೀಗೆ ಬೀಗ ಹಾಕಿದ ಕೋಣೆಯಲ್ಲಿ ಉಳಿದುಹೋಗಿದೆ. ಅದನ್ನು ಪರಿವರ್ತಿಸಿ ಹೊರತರುವ ಕೆಲಸ ಮಾಡುತ್ತಿರುವವರಿಗೆ ನಾವು ಋಣಿಗಳಾಗಿರಬೇಕು.

ಪರಿಹಾರ ಯೂನಿಕೋಡ್. ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವುದು ಇದರ ಗುರಿ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ನಮ್ಮ ಫೋನು, ಕಂಪ್ಯೂಟರುಗಳಲ್ಲಿ ಅದು ನೆಲೆಗೊಳ್ಳಲು ವರ್ಷಗಳೇ ಹಿಡಿದವು. ‘ಕನ್ನಡ’ ಎಂಬ ಪದವನ್ನೇ ನೋಡಿ. ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿನಲ್ಲಿ ಐದು ಸಂಖ್ಯೆ: ಕ, ನ, ಹಲಂತ ಚಿಹ್ನೆ, ಇನ್ನೊಂದು ನ, ಡ. ಇಂಟರ್ನೆಟ್‌ನಲ್ಲಿ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೂ ಮೂರು ಬೈಟ್. ಒಟ್ಟು ಹದಿನೈದು ಬೈಟ್, 120 ಬಿಟ್. ಇಷ್ಟಾಗಿಯೂ ಅದೊಂದು ಪ್ಯಾಕೆಟ್ಟಿನ ಮೂಲೆಯಲ್ಲಿ ಕೂತುಬಿಡುತ್ತದೆ. ಇಂದು ಪರದೆಯಲ್ಲಿ ಖಾಲಿ ಡಬ್ಬಿಗಳು ಕಂಡರೆ ಸಂಖ್ಯೆ ಸರಿಯಾಗಿ ಬಂದಿದೆ, ಅದಕ್ಕೆ ತಕ್ಕ ಆಕಾರ ನಿಮ್ಮ ಸಾಧನದ ಫಾಂಟಿನಲ್ಲಿಲ್ಲ ಎಂದು ತಿಳಿಯಬೇಕು.

404 ಮತ್ತು ಅದರ ಬಂಧುಗಳು

ಇಂಟರ್ನೆಟ್ ಮತ್ತು ವೆಬ್ ಒಂದೇ ಅಲ್ಲ. ಇಂಟರ್ನೆಟ್ ಎಂಬುದು ದಾರಿ. ಅದರ ಮೇಲೆ ಮಿಂಚಂಚೆ, ವಿಡಿಯೊ ಕರೆ, ಯುಪಿಐ ಎಲ್ಲವೂ ಓಡಾಡುತ್ತವೆ. ಒಂದಕ್ಕೊಂದು ಕೊಂಡಿ ಹಾಕಿಕೊಂಡ ಪುಟಗಳ ಲೋಕವಷ್ಟೇ ವೆಬ್. ಜಿನೀವಾ ಬಳಿಯ ಸೆರ್ನ್ ಭೌತವಿಜ್ಞಾನ ಪ್ರಯೋಗಾಲಯದಲ್ಲಿ 1989ರಲ್ಲಿ ಟಿಮ್ ಬರ್ನರ್ಸ್-ಲೀ ಅದರ ಪ್ರಸ್ತಾವ ಬರೆದರು. 1993ರ ಏಪ್ರಿಲ್ 30ರಂದು ಸೆರ್ನ್ ಅದನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಲೆಂದು ಬಿಟ್ಟುಕೊಟ್ಟಿತು. ಆ ದಿನದ ಔದಾರ್ಯಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ.

ಬ್ರೌಸರ್ ಪುಟ ಕೇಳುವ, ಸರ್ವರ್ ಕೊಡುವ ಭಾಷೆ ಎಚ್‌ಟಿಟಿಪಿ. ಪ್ರತಿ ಉತ್ತರಕ್ಕೂ ಅಲ್ಲಿ ಮೂರಂಕಿಯ ಸಂಖ್ಯೆಯಿದೆ. ಎರಡರಿಂದ ಶುರುವಾದರೆ ಕೆಲಸವಾಯಿತು, ನಾಲ್ಕರಿಂದ ಶುರುವಾದರೆ ಕೇಳಿದವರ ಕಡೆ ಏನೋ ತಪ್ಪಿದೆ, ಐದರಿಂದ ಶುರುವಾದರೆ ಸರ್ವರಿನ ಕಡೆ. 404 ಕಂಡರೆ ನಿಮ್ಮ ವೈಫೈ, ಐಎಸ್‌ಪಿ, ಡಿಎನ್‌ಎಸ್ ಎಲ್ಲವೂ ಸರಿಯಾಗಿವೆ ಎಂದೇ ಅರ್ಥ. ಸರ್ವರ್ ಸಿಕ್ಕಿದೆ, ಆ ಪುಟ ಮಾತ್ರ ಅಲ್ಲಿಲ್ಲ. ಪರೀಕ್ಷೆಯ ಫಲಿತಾಂಶದ ದಿನ ಲಕ್ಷಾಂತರ ಮಕ್ಕಳು ಒಂದೇ ಗಳಿಗೆಗೆ ಒಂದೇ ತಾಣಕ್ಕೆ ನುಗ್ಗಿದಾಗ ಕಾಣುವುದು 503. ಅಲ್ಲಿನ ಸರ್ವರ್ ಸುಸ್ತಾಗಿದೆ. ಮತ್ತೆ ಮತ್ತೆ ಒತ್ತುತ್ತ ಕೂತರೆ ಅದರ ಹೊರೆ ಇನ್ನೂ ಹೆಚ್ಚುತ್ತದೆ. ಅರ್ಧ ಗಂಟೆ ಬಿಟ್ಟು ನೋಡುವುದೇ ಲೇಸು.

ಎಚ್‌ಟಿಟಿಪಿಗೆ ನೆನಪಿನ ಶಕ್ತಿಯಿಲ್ಲ. ಹಿಂದಿನ ಕೋರಿಕೆ ಯಾರದು ಎಂದು ಅದಕ್ಕೆ ತಿಳಿಯದು. ಖರೀದಿ ತಾಣದ ಬುಟ್ಟಿಯಲ್ಲಿ ಹಾಕಿದ್ದು ಮುಂದಿನ ಪುಟದಲ್ಲೂ ಉಳಿಯಬೇಕೆಂದು 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಕುಕೀ ಕಂಡುಹಿಡಿದರು. ಸರ್ವರ್ ನಿಮ್ಮ ಬ್ರೌಸರಿನಲ್ಲಿ ಇಟ್ಟುಹೋಗುವ, ಮುಂದಿನ ಸಲ ಬ್ರೌಸರ್ ತಾನಾಗಿ ತೋರಿಸುವ ಚಿಕ್ಕ ಗುರುತಿನ ಚೀಟಿ ಅದು. ಅದೇ ಚೀಟಿಯನ್ನು ಜಾಹೀರಾತು ಕಂಪನಿಗಳು ತಾಣದಿಂದ ತಾಣಕ್ಕೆ ನಮ್ಮ ಬೆನ್ನು ಹತ್ತಲು ಬಳಸಿಕೊಂಡವು. ‘ಎಲ್ಲ ಕುಕೀ ಒಪ್ಪುತ್ತೇನೆ’ ಎಂಬ ಗುಂಡಿಯ ಪಕ್ಕದಲ್ಲಿ ‘ಅಗತ್ಯವಾದವು ಮಾತ್ರ’ ಎಂಬುದಿದ್ದರೆ ಅದನ್ನೇ ಒತ್ತಿ.

ಬೀಗದ ಗುರುತು

‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ವಿಳಾಸದ ಪಕ್ಕ ಕಂಡರೆ ಆ ತಾಣ ಬರಿಯ ಎಚ್‌ಟಿಟಿಪಿ ಬಳಸುತ್ತಿದೆ. ನೀವು ಬರೆದದ್ದನ್ನು ದಾರಿಯಲ್ಲಿರುವವರು ಓದಬಹುದು. ಕೊನೆಗೆ ‘ಎಸ್’ ಸೇರಿದ ಎಚ್‌ಟಿಟಿಪಿಎಸ್‌ನಲ್ಲಿ ಎಲ್ಲವೂ ಗೂಢಲಿಪಿಯಾಗಿ ಹೋಗುತ್ತದೆ. ತಾನು ಹೇಳಿಕೊಂಡ ಹೆಸರು ತನ್ನದೇ ಎಂದು ತೋರಿಸಲು ಸರ್ವರ್ ಒಂದು ಸರ್ಟಿಫಿಕೇಟ್ ಕೊಡುತ್ತದೆ. ಅದಕ್ಕೆ ಅವಧಿಯಿರುತ್ತದೆ. ಎಲ್ಲ ತಾಣಗಳಲ್ಲೂ ಒಮ್ಮೆಲೇ ಸರ್ಟಿಫಿಕೇಟ್ ದೋಷ ಕಂಡರೆ ಮೊದಲು ನಿಮ್ಮ ಕಂಪ್ಯೂಟರಿನ ದಿನಾಂಕ ನೋಡಿ. ಅದು ತಪ್ಪಾಗಿದ್ದರೆ ಸಾಚಾ ಸರ್ಟಿಫಿಕೇಟೂ ಅವಧಿ ಮೀರಿದಂತೆ ಕಾಣುತ್ತದೆ.

ಬೀಗದ ಗುರುತು ಕಂಡರೆ ತಾಣ ನಂಬಿಕಸ್ಥ ಎಂದು ವರ್ಷಗಟ್ಟಲೆ ಜನರಿಗೆ ಕಲಿಸಲಾಯಿತು. ಇದು ಅಪಾಯದ ಪಾಠ. ಆ ಹೆಸರಿನ ಸರ್ವರಿಗೂ ನಿಮಗೂ ನಡುವೆ ಯಾರೂ ಕದ್ದು ಕೇಳುತ್ತಿಲ್ಲ ಎಂದಷ್ಟೇ ಬೀಗ ಹೇಳುತ್ತದೆ. ಆ ಹೆಸರಿನವರು ಕಳ್ಳರೋ ಒಳ್ಳೆಯವರೋ ಅದಕ್ಕೆ ಗೊತ್ತಿಲ್ಲ. ಸರ್ಟಿಫಿಕೇಟ್ ಪುಕ್ಕಟೆ ಸಿಗುತ್ತದೆ, ಕಳ್ಳರಿಗೂ ಸಿಗುತ್ತದೆ. ಗೂಗಲ್ 2023ರಲ್ಲಿ ಕ್ರೋಮ್ ಬ್ರೌಸರಿನಿಂದ ಬೀಗದ ಚಿತ್ರವನ್ನೇ ತೆಗೆದದ್ದು ಈ ತಪ್ಪು ನಂಬಿಕೆಯಿಂದಾಗಿ.

ನೋಡಬೇಕಾದ್ದು ಹೆಸರನ್ನು. ಬಲದಿಂದ ಎಡಕ್ಕೆ. ‘ಕೆವೈಸಿ ಅಪ್‌ಡೇಟ್ ಮಾಡಿ’ ಎಂದು ಬಂದ ಸಂದೇಶದಲ್ಲಿ ‘ನಿಮ್ಮಬ್ಯಾಂಕ್ ಡಾಟ್ ಕೆವೈಸಿಸೇವೆ ಡಾಟ್ ಟಾಪ್’ ಎಂಬಂಥ ಕೊಂಡಿಯಿದೆ ಅನ್ನಿ. ಎಡದಿಂದ ಓದಿದರೆ ಬ್ಯಾಂಕು ಕಾಣುತ್ತದೆ. ಬಲದಿಂದ ಓದಿದರೆ ಮೊದಲು ‘ಟಾಪ್’, ಅದರಡಿ ‘ಕೆವೈಸಿಸೇವೆ’ ಎಂಬ ಹೆಸರನ್ನು ಕೊಂಡ ಯಾರೋ ಒಬ್ಬರು. ಆ ಯಾರೋ ತಮ್ಮ ಹೆಸರಿನ ಎಡಕ್ಕೆ ಏನನ್ನು ಬೇಕಾದರೂ ಅಂಟಿಸಿಕೊಳ್ಳಬಹುದು, ನಿಮ್ಮ ಬ್ಯಾಂಕಿನ ಹೆಸರನ್ನೂ. ವಿಳಾಸದ ಆರಂಭದ ಜೋಡಿ ಓರೆಗೆರೆಯನ್ನು ಬಿಟ್ಟು, ಅದರ ನಂತರದ ಮೊದಲ ಓರೆಗೆರೆ ಎಲ್ಲಿದೆ ನೋಡಿ, ಅದಕ್ಕೂ ಮೊದಲಿನ ಕೊನೆಯ ಎರಡು ಮೂರು ತುಂಡುಗಳನ್ನು ಓದಿ. ಒಡೆಯರು ಇರುವುದು ಅಲ್ಲಿ.

ಭಾರತೀಯ ರಿಸರ್ವ್ ಬ್ಯಾಂಕ್ ಈ ಓದುವ ಕ್ರಮವನ್ನೇ ನೆಚ್ಚಿ 2025ರಲ್ಲಿ ಒಂದು ನಿಯಮ ತಂದಿತು. ದೇಶದ ಬ್ಯಾಂಕುಗಳೆಲ್ಲ ಆ ವರ್ಷದ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಯಾಗುವ ವಿಳಾಸಕ್ಕೆ ಬದಲಾಗಬೇಕಿತ್ತು. ಬ್ಯಾಂಕ್ ಅಲ್ಲದವರಿಗೆ ಆ ಬಾಲ ಸಿಗುವುದಿಲ್ಲ. ಬ್ಯಾಂಕಿನದೆಂದು ಹೇಳಿಕೊಳ್ಳುವ ಪುಟದ ವಿಳಾಸದಲ್ಲಿ ಆ ಓರೆಗೆರೆಯ ಹಿಂದೆ ಅದಿಲ್ಲದಿದ್ದರೆ ಪಾಸ್‌ವರ್ಡ್, ಒಟಿಪಿ ಯಾವುದನ್ನೂ ಬರೆಯಬೇಡಿ. ಬರೆದಾಗಿದ್ದರೆ ನಾಳೆಗೆ ಬಿಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಕದ್ದ ಹಣವನ್ನು ಕಳ್ಳರು ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗಬೇಗನೆ ದಾಟಿಸುತ್ತಿರುತ್ತಾರೆ. ಅದು ಇನ್ನೂ ಯಾವುದಾದರೂ ಖಾತೆಯಲ್ಲಿರುವಾಗ ದೂರು ತಲುಪಿದರೆ ಬ್ಯಾಂಕು ಅದನ್ನು ಅಲ್ಲೇ ತಡೆದಿಡಬಲ್ಲದು.